ಗ್ರೇಡರ್ ಕಟ್ಟಿದ ಹಳೇ ಟ್ರ್ಯಾಕ್ಟರ್: ಗುರುತಿಸುವುದು, ಕೊಳ್ಳುವುದು, ಚರಿತ್ರೆ ಹುಡುಕುವುದು

"ತೋಟದ ಮೂಲೆಯಲ್ಲಿ ತಾತನ ಕಾಲದ ಟ್ರ್ಯಾಕ್ಟರ್ ನಿಂತಿದೆ ಸಾರ್. ಹೊಟ್ಟೆ ಕೆಳಗೆ ಉದ್ದ ಬ್ಲೇಡ್ ಇದೆ. ಏನಿದು? ಗುಜರಿಯವರು ಬಂದು ಕೇಳ್ತಿದ್ದಾರೆ, ಕೊಟ್ಟುಬಿಡ್ಲಾ?" ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಇದನ್ನು ಓದಿ ಮುಗಿಸುವವರೆಗೆ ಯಾರಿಗೂ ಕೊಡಬೇಡಿ. ಅದಕ್ಕಿಂತ ಮುಖ್ಯವಾಗಿ, ಬ್ಲೇಡನ್ನು ಬಿಚ್ಚಿಸಬೇಡಿ. ಟ್ರ್ಯಾಕ್ಟರ್ ಮತ್ತು ಗ್ರೇಡರ್ ಜೊತೆಗಿದ್ದರೆ ಮಾತ್ರ ಅದು ರಸ್ತೆ ಮಾಡಿದ ಯಂತ್ರ. ಬೇರೆ ಬೇರೆ ಆದರೆ ಒಂದು ಹಳೇ ಟ್ರ್ಯಾಕ್ಟರ್, ಒಂದಷ್ಟು ಕಬ್ಬಿಣ, ಅಷ್ಟೇ.

ಗ್ರೇಡರ್ ಅಂದರೆ ರಸ್ತೆಯ ಮಣ್ಣನ್ನು ಬ್ಲೇಡಿನಿಂದ ಸವರಿ ಸಮ ಮಾಡುವ ಯಂತ್ರ. ರಸ್ತೆಯ ನಡುಭಾಗ ಸ್ವಲ್ಪ ಎತ್ತರಕ್ಕೆ ಬರುವಂತೆ, ನೀರು ಎರಡೂ ಬದಿಯ ಚರಂಡಿಗೆ ಹೋಗುವಂತೆ ಇಳಿಜಾರು ಕೊಡುವುದು ಅದರ ಕೆಲಸ. ಡೋಜರ್ ಮಣ್ಣನ್ನು ಮುಂದಕ್ಕೆ ನೂಕುತ್ತದೆ. ಗ್ರೇಡರ್ ಓರೆಯಾಗಿ ಸವರಿ ಪಕ್ಕಕ್ಕೆ ಹಾಕುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಳ್ಳೇ ಟಾರ್ಚು, ಟೇಪು, ಸೀಮೆಸುಣ್ಣ, ಹಳೇ ಬಟ್ಟೆ, ಒಂದು ಲೀಟರ್ ಡೀಸೆಲ್, ಕ್ಯಾಮೆರಾ ಇರುವ ಫೋನು, ಒಂದು ನೋಟ್‌ಬುಕ್. ಜೊತೆಗೆ ಉದ್ದನೆಯ ಕೋಲು. ವರ್ಷಗಟ್ಟಲೆ ನಿಂತ ಗಾಡಿಯ ಕೆಳಗೆ ಹಾವು, ಚೇಳು, ಕಣಜದ ಗೂಡು ಇರುವುದು ಸಾಮಾನ್ಯ. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ.

1. ಯಾವ ಬಗೆ ಅಂತ ತಿಳಿದುಕೊಳ್ಳಿ

ಮೂರು ಬಗೆ ಇವೆ. ಇಲ್ಲೇ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು.

ಮೊದಲನೆಯದು ಎಳೆಯುವ ಗ್ರೇಡರ್. ಅದಕ್ಕೆ ತನ್ನದೇ ನಾಲ್ಕು ಚಕ್ರ ಇರುತ್ತದೆ, ಎಂಜಿನ್ ಇರುವುದಿಲ್ಲ. ಹಿಂದೆ ಒಂದು ಕಟ್ಟೆ, ಅದರ ಮೇಲೆ ಆಳು ನಿಂತು ದೊಡ್ಡ ಕೈಚಕ್ರಗಳನ್ನು ತಿರುಗಿಸಿ ಬ್ಲೇಡ್ ಏರಿಸಿ ಇಳಿಸುತ್ತಿದ್ದರು. ಮುಂದಿನಿಂದ ಪ್ರಾಣಿಗಳೋ ಟ್ರ್ಯಾಕ್ಟರೋ ಎಳೆಯಬೇಕು. ಅಮೆರಿಕದ ಜೆ.ಡಿ. ಆಡಮ್ಸ್ ಅವರು 1885ರಲ್ಲಿ ಚಕ್ರಗಳು ಓರೆಯಾಗಿ ವಾಲುವ ಗ್ರೇಡರ್ ಮಾಡಿದರು. ಬ್ಲೇಡ್ ಪಕ್ಕಕ್ಕೆ ಎಳೆದಾಗ ಯಂತ್ರ ಜಾರದೇ ಇರಲಿ ಅಂತ ಆ ವಾಲುವಿಕೆ. ಇವತ್ತಿನ ಗ್ರೇಡರ್‌ಗಳ ಮುಂದಿನ ಚಕ್ರವೂ ಹಾಗೇ ವಾಲುತ್ತದೆ, ಗಮನಿಸಿ.

ಎರಡನೆಯದೇ ನಿಜವಾದ ಅಪರೂಪದ ವಸ್ತು. ಮಾಮೂಲಿ ಕೃಷಿ ಟ್ರ್ಯಾಕ್ಟರನ್ನು ತಂದು, ಮುಂದಿನ ಅಚ್ಚು ಬಿಚ್ಚಿ, ಉದ್ದನೆಯ ಕಬ್ಬಿಣದ ಚೌಕಟ್ಟಿನ ಹಿಂಭಾಗಕ್ಕೆ ಕೂರಿಸಿಬಿಡುತ್ತಿದ್ದರು. ಬ್ಲೇಡ್ ನಡುವೆ, ಎಂಜಿನ್ ಹಿಂದೆ. ಅಮೆರಿಕದ ರಸೆಲ್ ಕಂಪನಿ 1920ರ ಸುಮಾರಿಗೆ ಆಲಿಸ್ ಚಾಮರ್ಸ್ ಟ್ರ್ಯಾಕ್ಟರ್ ಬಳಸಿ ಹೀಗೆ ತಾನೇ ಓಡುವ ಗ್ರೇಡರ್ ತಯಾರಿಸಿತು. ಆಮೇಲೆ ಫೋರ್ಡ್‌ಸನ್, ಮೆಕಾರ್ಮಿಕ್ ಡೀರಿಂಗ್ 10-20 ಮುಂತಾದ ಟ್ರ್ಯಾಕ್ಟರ್‌ಗಳ ಮೇಲೂ ಗ್ರೇಡರ್ ಕಟ್ಟಿದರು. 1928ರಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿ ರಸೆಲ್ ಅನ್ನು ಕೊಂಡುಕೊಂಡಿತು. 1931ರಲ್ಲಿ ಟ್ರ್ಯಾಕ್ಟರ್ ಮತ್ತು ಗ್ರೇಡರ್ ಒಂದೇ ಯಂತ್ರವಾಗಿ ಹುಟ್ಟಿದ, ಅದೇ ಕಂಪನಿಯ ಆಟೋ ಪ್ಯಾಟ್ರೋಲ್ (Auto Patrol) ಬಂತು. ಅಲ್ಲಿಂದ ಮುಂದೆ ಟ್ರ್ಯಾಕ್ಟರಿಗೆ ಗ್ರೇಡರ್ ಕಟ್ಟುವ ಪದ್ಧತಿ ಹಿಂದೆ ಸರಿಯಿತು.

ಮೂರನೆಯದು ಟ್ರ್ಯಾಕ್ಟರಿನ ಹಿಂದೆ ತೂಗುಹಾಕುವ ಬ್ಲೇಡ್. ಇದನ್ನು ಹಿಡಿಯುವುದು ಮೂರು ತೋಳಿನ ಹೈಡ್ರಾಲಿಕ್ ಜೋಡಣೆ, ಅಂದರೆ ಎಣ್ಣೆಯ ಒತ್ತಡದಿಂದ ಉಪಕರಣ ಎತ್ತುವ ವ್ಯವಸ್ಥೆ. ಹ್ಯಾರಿ ಫರ್ಗುಸನ್ ಅವರ ಈ ವಿಧಾನ ಮಾರುಕಟ್ಟೆಗೆ ಬಂದದ್ದು 1936ರಲ್ಲಿ, ಫರ್ಗುಸನ್ ಬ್ರೌನ್ ಟ್ರ್ಯಾಕ್ಟರಿನ ಮೂಲಕ. ನಮ್ಮ ಜಿಲ್ಲೆಗಳಲ್ಲಿ ಕೈಗೆ ಸಿಗುವ ಸಾಧ್ಯತೆ ಇರುವುದು ಬಹುತೇಕ ಈ ಬಗೆಯೇ. ಫೋರ್ಡ್‌ಸನ್ ಮೇಜರ್, ಮ್ಯಾಸಿ ಫರ್ಗುಸನ್ 35, ಇಂಟರ್‌ನ್ಯಾಷನಲ್ ಬಿ-275, ಜೀಟರ್, ಹಳೇ ಐಷರ್ ಹಿಂದೆ ಸಿಕ್ಕಿಸಿದ ಬ್ಲೇಡ್. ಇದರಲ್ಲಿ ಬೇಸರ ಪಡುವುದೇನೂ ಇಲ್ಲ. ಹಳ್ಳಿಯ ಮಣ್ಣಿನ ರಸ್ತೆ, ಕೆರೆ ಏರಿ ಸಮ ಮಾಡಿದ ಯಂತ್ರಕ್ಕೂ ದಾಖಲಾಗುವ ಹಕ್ಕಿದೆ. ಅಮೆರಿಕದ ಸಂಗ್ರಹಕಾರರು ರಸೆಲ್ ಯಂತ್ರವನ್ನು ನೋಡಿಕೊಂಡಷ್ಟೇ ಅಕ್ಕರೆಯಿಂದ ನಾವು ಇವನ್ನು ನೋಡಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗ್ರೇಡರ್ ಹೋಗಿ ಟ್ರ್ಯಾಕ್ಟರ್ ಮಾತ್ರ ಉಳಿದಿದ್ದರೂ ಗುರುತು ಉಳಿದಿರುತ್ತದೆ. ಹಿಂದಿನ ಅಚ್ಚಿನ ಮನೆಯ ಮೇಲೆ ಕಾರಣವೇ ಇಲ್ಲದ ಬೋಲ್ಟ್ ತೂತುಗಳು, ಉದ್ದ ಮಾಡಿದ ಸ್ಟೀರಿಂಗ್ ಸರಳು, ಎತ್ತರಿಸಿದ ಸೀಟು, ಗ್ಯಾಸ್ ಕಟ್ಟರ್‌ನಿಂದ ಕತ್ತರಿಸಿದ ಕಬ್ಬಿಣದ ತುದಿ. ಇವನ್ನು ಅಳತೆ ಸಮೇತ ಬರೆದುಕೊಳ್ಳಿ. ಯಾವ ಗ್ರೇಡರ್ ಇತ್ತು ಅಂತ ಮುಂದೆ ಪತ್ತೆ ಹಚ್ಚಲು ಬೋಲ್ಟುಗಳ ನಡುವಿನ ಅಂತರವೇ ಸಾಕ್ಷಿ.

2. ಕಾಲ ಅಂದಾಜು ಮಾಡಿ

ಮಾರುವವರು "ಬ್ರಿಟಿಷರ ಕಾಲದ್ದು" ಅನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳಿ, ನಂಬಬೇಡಿ. ಕಬ್ಬಿಣವನ್ನೇ ಕೇಳಿ.

ಗಾಳಿ ತುಂಬುವ ರಬ್ಬರ್ ಟೈರು ಕೃಷಿ ಟ್ರ್ಯಾಕ್ಟರಿಗೆ ಬಂದದ್ದು 1932ರಲ್ಲಿ. 1925ರ ಯಂತ್ರ ಅಂತ ಹೇಳಿ ರಬ್ಬರ್ ಟೈರು ತೋರಿಸಿದರೆ, ಚಕ್ರ ಆಮೇಲೆ ಬದಲಾಗಿದೆ ಅಥವಾ ಇಸವಿ ಸುಳ್ಳು. ಮೂರು ತೋಳಿನ ಜೋಡಣೆ ಇದ್ದರೆ 1936ಕ್ಕೆ ಮೊದಲಿನದಲ್ಲ. ಭಾರತದಲ್ಲೇ ತಯಾರಾದ ಟ್ರ್ಯಾಕ್ಟರ್ 1959ಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ. ಆ ವರ್ಷ ಫರೀದಾಬಾದಿನಲ್ಲಿ ಮೊದಲ ಐಷರ್ ಹೊರಬಂತು. ಎಚ್‌ಎಂಟಿ ಜೀಟರ್ ಸಹಯೋಗದಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಶುರು ಮಾಡಿದ್ದು 1971ರಲ್ಲಿ. ತುಮಕೂರಿನಲ್ಲಿ ಎಚ್‌ಎಂಟಿ ಅಂದರೆ ಎಲ್ಲರಿಗೂ ಗಡಿಯಾರವೇ ನೆನಪಾಗುತ್ತದೆ. ಹಾಗಾಗಿ "ತುಮಕೂರಲ್ಲೇ ತಯಾರಾದ ಟ್ರ್ಯಾಕ್ಟರ್" ಅನ್ನುವ ಮಾತಿಗೆ ಮರುಳಾಗಬೇಡಿ.

ಬಣ್ಣವೂ ಮಾತಾಡುತ್ತದೆ. ಕ್ಯಾಟರ್‌ಪಿಲ್ಲರ್ ಯಂತ್ರಗಳು 1931ರ ಡಿಸೆಂಬರ್‌ವರೆಗೆ ಬೂದು, ಅಲ್ಲಿಂದಾಚೆಗೆ ಹಳದಿ. ಫೋರ್ಡ್‌ಸನ್ ಮೊದಲು ಬೂದು ಇತ್ತು. ನಂತರ ನೀಲಿಯಾಗಿ, 1937ರಲ್ಲಿ ಕಿತ್ತಳೆಯಾಗಿ, ಯುದ್ಧದ ವರ್ಷಗಳಲ್ಲಿ ಹಸಿರಾಯಿತು. ರಸ್ತೆ ಕೆಲಸಕ್ಕೆ ಅಂತಲೇ ಮಾಡಿದ ಟ್ರ್ಯಾಕ್ಟರುಗಳಿಗೆ ಹಲವು ಕಂಪನಿಗಳು ಹಳದಿ ಬಳಿಯುತ್ತಿದ್ದವು. ಆದ್ದರಿಂದ ಕೆಂಪು ಮ್ಯಾಸಿಯ ಬ್ಯಾಟರಿ ತಟ್ಟೆಯ ಕೆಳಗೆ, ಸೀಟಿನ ಅಡಿಗೆ, ನಟ್ಟಿನ ಹಿಂಬದಿಗೆ ಟಾರ್ಚ್ ಹಾಕಿ ನೋಡಿ. ಅಲ್ಲಿ ಹಳದಿ ಪದರ ಕಂಡರೆ ಗಾಡಿ ಹೊಲಕ್ಕಿಂತ ಮೊದಲು ರಸ್ತೆ ಕೆಲಸ ನೋಡಿರಬಹುದು.

3. ನಂಬರ್ ಓದುವ ಕ್ರಮ

ಈ ಹಂತಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಅವಸರ ಮಾಡಿದರೆ ಅಕ್ಷರ ಹೋಗುತ್ತದೆ.

ಒಂದು ಟ್ರ್ಯಾಕ್ಟರಿನಲ್ಲಿ ಕನಿಷ್ಠ ಮೂರು ಕಡೆ ನಂಬರ್ ಹುಡುಕಬೇಕು. ತಗಡಿನ ಫಲಕದಲ್ಲಿ, ಎಂಜಿನ್ ಬ್ಲಾಕಿನ ಮೇಲೆ, ಗೇರ್‌ಬಾಕ್ಸ್ ಅಥವಾ ಹಿಂದಿನ ಅಚ್ಚಿನ ಮೇಲೆ. ಗ್ರೇಡರಿಗೆ ಪ್ರತ್ಯೇಕ ಫಲಕ ಇರುತ್ತದೆ, ಸಾಮಾನ್ಯವಾಗಿ ಚೌಕಟ್ಟಿನ ಮೇಲೆ. ಫರ್ಗುಸನ್ ಟಿಇ-20 ಆದರೆ ಫಲಕ ಮೀಟರುಗಳ ಪಕ್ಕದಲ್ಲಿರುತ್ತದೆ. ನಂಬರಿನ ಮುಂದಿನ ಅಕ್ಷರ ನೋಡಿ. ಟಿಇಎ ಅಂದರೆ ಪೆಟ್ರೋಲ್, ಟಿಇಡಿ ಅಂದರೆ ಸೀಮೆಎಣ್ಣೆ ಜಾತಿಯ ಇಂಧನ, ಟಿಇಎಫ್ ಅಂದರೆ ಡೀಸೆಲ್. ಈ ಮಾದರಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾಯಿತು.

ಈಗ ಓದುವುದು. ಬಟ್ಟೆಯನ್ನು ಡೀಸೆಲ್‌ನಲ್ಲಿ ಅದ್ದಿ ಆ ಜಾಗದ ಮೇಲೆ ಅರ್ಧ ಗಂಟೆ ಹಾಗೇ ಅಂಟಿಸಿಡಿ. ಜಿಡ್ಡು ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಕೆರೆಯಿರಿ. ತಂತಿ ಬ್ರಷ್, ಸ್ಯಾಂಡ್ ಪೇಪರ್, ಗ್ರೈಂಡರ್ ಮುಟ್ಟಲೇಬೇಡಿ. ತಗಡಿನ ಫಲಕದ ತೆಳು ಅಕ್ಷರಗಳು ಒಂದೇ ಉಜ್ಜಿಗೆ ಅಳಿಸಿಹೋಗುತ್ತವೆ. ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡಲಾಗಿ ಹಿಡಿದು ಸವರಿ, ಬೆರಳಿನಿಂದ ಮೇಲಿನ ಪುಡಿ ಒರೆಸಿ. ತಗ್ಗಿನಲ್ಲಿ ಪುಡಿ ನಿಂತು ಅಂಕಿ ಬೆಳ್ಳಗೆ ಎದ್ದು ಬರುತ್ತದೆ. ಟಾರ್ಚನ್ನು ಎದುರಿನಿಂದಲ್ಲ, ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. 3 ಮತ್ತು 8, 1 ಮತ್ತು 7 ಇವುಗಳಲ್ಲಿ ಅನುಮಾನ ಬಂದರೆ ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳಿ.

ಎಚ್ಚರಿಕೆ: ಫಲಕದ ರಿವೆಟ್ ಹೊಸದಾಗಿ ಹೊಳೆಯುತ್ತಿದ್ದರೆ, ಸ್ಕ್ರೂ ಹಾಕಿ ಕೂರಿಸಿದ್ದರೆ, ಅಂಕಿಗಳು ಸಾಲು ತಪ್ಪಿ ಕುಣಿಯುತ್ತಿದ್ದರೆ ಫಲಕ ಬೇರೆ ಗಾಡಿಯದ್ದಿರಬಹುದು. ಎಂಜಿನ್ ನಂಬರ್ ಬೇರೆಯಾಗಿದ್ದರೆ ಗಾಬರಿ ಬೇಡ. ಹಳೇ ಟ್ರ್ಯಾಕ್ಟರಿಗೆ ಎಂಜಿನ್ ಬದಲಾಯಿಸುವುದು ಮಾಮೂಲು. ಆದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು.

4. ಎಲ್ಲಿ ಹುಡುಕಬೇಕು

ತಿಪಟೂರು, ಗುಬ್ಬಿ ಕಡೆಯ ತೆಂಗಿನ ತೋಟಗಳು, ಮಾಲೂರಿನ ಇಟ್ಟಿಗೆ ಮತ್ತು ಹೆಂಚಿನ ಗೂಡುಗಳು, ಶ್ರೀನಿವಾಸಪುರದ ಮಾವಿನ ತೋಪುಗಳು, ಗೌರಿಬಿದನೂರು, ಚಿಂತಾಮಣಿಯ ಹಳೇ ಗ್ಯಾರೇಜುಗಳು. ಹಿಂದೆ ರಸ್ತೆ ಕಾಂಟ್ರಾಕ್ಟ್ ಮಾಡುತ್ತಿದ್ದ ಮನೆಗಳನ್ನು ವಿಚಾರಿಸಿ. ಲೇತ್ ಅಂಗಡಿಯ ಹಿರಿಯ ಮಿಸ್ತ್ರಿಗಳಿಗೆ ಯಾರ ಮನೆಯಲ್ಲಿ ಏನಿದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ತೆಂಗಿನ ಮರದ ಕೆಳಗೆ ನಿಂತ ಗಾಡಿಯ ಬಾನೆಟ್ ಮೇಲೆ ಕಾಯಿ ಬಿದ್ದ ತಗ್ಗುಗಳಿರುತ್ತವೆ, ಅದು ಲೆಕ್ಕಕ್ಕಿಲ್ಲ. ಸಗಣಿ ಗೊಬ್ಬರದ ಗುಂಡಿ ಪಕ್ಕ ನಿಂತಿದ್ದರೆ ಮಾತ್ರ ಕೆಳಗಿನ ತಗಡು ಪೂರಾ ಹೋಗಿರುತ್ತದೆ. ಪಾವಗಡದ ಒಣ ಹವೆಯಲ್ಲಿ ನಿಂತ ಕಬ್ಬಿಣ ಎಷ್ಟೋ ಮೇಲು.

ಸರ್ಕಾರಿ ಅಂಗಳದಲ್ಲಿ ಕಂಡಂ ಆಗಿ, ಅಂದರೆ ಕೆಲಸಕ್ಕೆ ಬಾರದು ಅಂತ ಬದಿಗಿಟ್ಟು, ನಿಂತದ್ದು ಕಣ್ಣಿಗೆ ಬಿದ್ದರೆ ಒಂದು ಬೋಲ್ಟು ಕೂಡ ಮುಟ್ಟಬೇಡಿ, ಅದು ಕಳ್ಳತನ. ಜೊತೆಗೆ ನಿಯಮವೂ ಬದಲಾಗಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ. ಅವು ನೋಂದಾಯಿತ ಗುಜರಿ ಘಟಕಕ್ಕೆ ಹೋಗಬೇಕು. ಅಂದರೆ ಹರಾಜಿನಲ್ಲಿ ಕೊಂಡು ಮನೆಗೆ ತರುವ ದಾರಿ ಕಿರಿದಾಗಿದೆ. ಅಂಥ ಯಂತ್ರ ಕಂಡರೆ ಫೋಟೋ ಸಮೇತ ಕಾರ್ಯಪಾಲಕ ಎಂಜಿನಿಯರ್‌ಗೆ ಪತ್ರ ಬರೆದು, ಕಚೇರಿ ಆವರಣದಲ್ಲೋ ಮ್ಯೂಸಿಯಂನಲ್ಲೋ ಉಳಿಸಿ ಅಂತ ಕೇಳಿ. ತಡ ಮಾಡಬೇಡಿ, ಲಾರಿ ಬಂದ ಮೇಲೆ ಪತ್ರದಿಂದ ಪ್ರಯೋಜನ ಇಲ್ಲ.

5. ಕಾಗದಪತ್ರ

ದುಡ್ಡು ಕೊಡುವ ಮೊದಲು ಆರ್‌ಸಿ ನೋಡಿ. ಎಂವೈ, ಎಂಇ, ಸಿಎ ಅಂತ ಶುರುವಾಗುವ ನಂಬರುಗಳು ಕೆಎ ಸರಣಿಗಿಂತ ಹಳೆಯವು. ಕೈಬರಹದ ಹಳೇ ಆರ್‌ಸಿ ಪುಸ್ತಕ ಸಿಕ್ಕರೆ ಅದು ದಾಖಲೆ ಮಾತ್ರ ಅಲ್ಲ, ಚರಿತ್ರೆ. ಹಿಂದಿನ ಮಾಲೀಕರ ಹೆಸರುಗಳೆಲ್ಲ ಅದರಲ್ಲಿರುತ್ತವೆ. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30, ಬೇರೆ ಆರ್‌ಟಿಒ ವ್ಯಾಪ್ತಿಗೆ ಹೋಗುವುದಾದರೆ ಎನ್‌ಒಸಿಗೆ ಫಾರಂ 28. ಹಳೇ ಬ್ಯಾಂಕ್ ಸಾಲ ಆರ್‌ಸಿ ಮೇಲೆ ಹಾಗೇ ಉಳಿದಿದ್ದರೆ ಅದನ್ನು ತೆಗೆಸಲು ಫಾರಂ 35. ಸಾಲ ತೀರಿ ಎಷ್ಟೋ ಕಾಲ ಆಗಿದ್ದರೂ ಇದು ಬೇಕೇ ಬೇಕು.

ತುಂಬಾ ಜನ ಎಡವುವ ಜಾಗ ಒಂದಿದೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ, ಅಂದರೆ 50 ವರ್ಷ ದಾಟಿದ ಹಳೇ ವಾಹನಕ್ಕೆ ವಿಎ ಅಕ್ಷರದ ವಿಶೇಷ ನಂಬರ್ ಕೊಡುವ ನಿಯಮ, ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ. ಟ್ರ್ಯಾಕ್ಟರ್ ಆ ವರ್ಗದಲ್ಲಿಲ್ಲ. "ವಿಂಟೇಜ್ ನಂಬರ್ ಮಾಡಿಸಿಕೊಡ್ತೀನಿ" ಅಂತ ದುಡ್ಡು ಕೇಳುವ ಏಜೆಂಟರಿಂದ ದೂರ ಇರಿ. ನೋಂದಣಿ ಜೀವಂತ ಇಲ್ಲದ ಗಾಡಿಯನ್ನು ನಿಮ್ಮ ಜಾಗದೊಳಗೆ ಇಟ್ಟುಕೊಳ್ಳಿ, ರಸ್ತೆಗೆ ಇಳಿಸಬೇಡಿ. ಕಾಗದವೇ ಇಲ್ಲದ ಗಾಡಿಯಾದರೆ ಮಾರುವವರಿಂದ ನಂಬರುಗಳೆಲ್ಲ ಇರುವ ಕ್ರಯಪತ್ರ ಬರೆಸಿಕೊಂಡು, ಸಾಕ್ಷಿ ಸಹಿ ಹಾಕಿಸಿ.

6. ಬೆಲೆ, ಪರೀಕ್ಷೆ, ಸಾಗಣೆ

ಬೆಲೆಗೆ ತಳ ಅಂತ ಒಂದಿದೆ: ಯಂತ್ರದ ತೂಕವನ್ನು ಅವತ್ತಿನ ಗುಜರಿ ದರದಿಂದ ಗುಣಿಸಿ. ಅದಕ್ಕಿಂತ ಕಡಿಮೆಗೆ ಯಾರೂ ಕೊಡುವುದಿಲ್ಲ. ಅದರ ಮೇಲೆ ಎಷ್ಟು ಅನ್ನುವುದನ್ನು ಗ್ರೇಡರ್ ಭಾಗ ಪೂರ್ತಿ ಇದೆಯೇ ಅನ್ನುವುದು ತೀರ್ಮಾನಿಸಲಿ, ಎಂಜಿನ್ ಓಡುತ್ತದೆಯೇ ಅನ್ನುವುದಲ್ಲ. ಮ್ಯಾಸಿ, ಬಿ-275 ಎಂಜಿನ್ ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಸಿಗಬಹುದು. ಗ್ರೇಡರಿನ ಹಲ್ಲುಚಕ್ರ ಎಲ್ಲೂ ಸಿಗುವುದಿಲ್ಲ.

ನೋಡಬೇಕಾದದ್ದು ಇಷ್ಟು. ಬ್ಲೇಡಿನ ಕೆಳ ಅಂಚಿಗೆ ಬೋಲ್ಟು ಹಾಕಿದ ಬದಲಾಯಿಸಬಹುದಾದ ಪಟ್ಟಿ ಇರುತ್ತದೆ. ಅದನ್ನು ಬದಲಾಯಿಸದೇ ಓಡಿಸಿದ್ದರೆ ಬ್ಲೇಡೇ ತಿಂದುಹೋಗಿರುತ್ತದೆ. ಬ್ಲೇಡನ್ನು ಓರೆ ತಿರುಗಿಸುವ ದೊಡ್ಡ ಉಂಗುರಕ್ಕೆ ಸರ್ಕಲ್ ಅನ್ನುತ್ತಾರೆ. ಅದರ ಹಲ್ಲುಗಳನ್ನು ಬೆರಳಿನಿಂದ ಮುಟ್ಟುತ್ತಾ ಒಂದು ಸುತ್ತು ಬನ್ನಿ. ಕೆಲಸ ಮಾಡಿದ ಕಡೆ ಹಲ್ಲು ಚೂಪಾಗಿರುತ್ತದೆ, ಉಳಿದ ಕಡೆ ದಪ್ಪಗೇ ಇರುತ್ತದೆ. ಗಟ್ಟಿ ನೆಲ ಕೀಳುವ ಹಲ್ಲುಗಳ ಸಾಲು, ಅಂದರೆ ಸ್ಕ್ಯಾರಿಫೈಯರ್, ಎಷ್ಟೋ ಸಲ ಕಳೆದುಹೋಗಿರುತ್ತದೆ. ಮಾರುವವರ ಹಿತ್ತಲಲ್ಲಿ, ದನದ ಕೊಟ್ಟಿಗೆಯಲ್ಲಿ ಒಮ್ಮೆ ಹುಡುಕಿಸಿ.

ಸಾಗಿಸಲು ಹೈಡ್ರಾ ಕ್ರೇನ್ ಮತ್ತು ಲಾರಿ ಬೇಕು. ಬ್ಲೇಡಿಗೆ ಸರಪಳಿ ಹಾಕಿ ಎತ್ತಬೇಡಿ, ಬ್ಲೇಡನ್ನು ಚೌಕಟ್ಟಿಗೆ ಬೇರೆಯಾಗಿ ಬಿಗಿದು ಕಟ್ಟಿ. ತುಕ್ಕು ಹಿಡಿದ ಪಿನ್ನು ಅರ್ಧ ದಾರಿಯಲ್ಲಿ ಬಿಟ್ಟುಕೊಂಡರೆ ಬ್ಲೇಡ್ ಕಾಲಿನ ಮೇಲೇ ಬೀಳುತ್ತದೆ. ಕಬ್ಬಿಣದ ಚಕ್ರದ ಟ್ರ್ಯಾಕ್ಟರನ್ನು ಡಾಂಬರು ರಸ್ತೆಯಲ್ಲಿ ಓಡಿಸಿ ತರುವ ಯೋಚನೆ ಬಿಡಿ.

7. ಚರಿತ್ರೆ ಹುಡುಕುವುದು

ಬಣ್ಣ ಬಳಿಯುವ ಮೊದಲೇ ಈ ಕೆಲಸ ಮುಗಿಸಿ.

ಮೊದಲು ಬದುಕಿರುವ ಹಿರಿಯರು. ಓಡಿಸಿದ ಡ್ರೈವರ್, ಹಿಂದೆ ನಿಂತು ಕೈಚಕ್ರ ತಿರುಗಿಸಿದ ಆಳು, ರಸ್ತೆ ಗ್ಯಾಂಗಿನಲ್ಲಿ ಕಲ್ಲು ಹೊತ್ತ ಹೆಂಗಸರು. "ಯಾವ ಇಸವಿ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. "ಅಜ್ಜಿ, ಈ ಗಾಡಿ ಬಂದಾಗ ನಿಮ್ಮ ಮದುವೆ ಆಗಿತ್ತಾ? ಊರಿಗೆ ಕರೆಂಟ್ ಬಂದಿತ್ತಾ?" ಅಂತ ಕೇಳಿ. ಇಸವಿ ತಾನಾಗಿ ಬರುತ್ತದೆ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕಡತಗಳು ಮುಂದಿನ ವರ್ಷವೂ ಅಲ್ಲೇ ಇರುತ್ತವೆ. ಹಿರಿಯರ ವಿಷಯದಲ್ಲಿ ಆ ಭರವಸೆ ಇಲ್ಲ.

ನಂತರ ಕಚೇರಿ. ಲೋಕೋಪಯೋಗಿ ಇಲಾಖೆ, ಜಿಲ್ಲಾ ಪಂಚಾಯಿತಿಗಳ ಯಂತ್ರ ದಾಸ್ತಾನು ವಹಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸುಮಾರು 150 ಪದ ಮೀರಬಾರದು. ಚಿಕ್ಕಬಳ್ಳಾಪುರದವರು ಒಂದು ಮಾತು ನೆನಪಿಡಿ: ನಿಮ್ಮ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೂ ಹಿಂದಿನದನ್ನು ಕೋಲಾರ ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕು. 1973ರ ನವೆಂಬರ್‌ಗೆ ಮೊದಲಿನದೆಲ್ಲ ಮೈಸೂರು ರಾಜ್ಯದ ಹೆಸರಿನಲ್ಲಿದೆ.

ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ಮಿಥಿಕ್ ಸೊಸೈಟಿ ಗ್ರಂಥಾಲಯ ಇವಿಷ್ಟನ್ನು ನೋಡಿ. ಮೈಸೂರು ಸಂಸ್ಥಾನದ ಆಡಳಿತ ವರದಿಗಳಲ್ಲಿ ರಸ್ತೆ, ಕೆರೆ ಕೆಲಸಗಳ ಅಧ್ಯಾಯ ತೆಗೆದು ಓದಿ. ಟ್ರ್ಯಾಕ್ಟರ್ ವಿಷಯಕ್ಕೆ ಎರಡು ಕಡೆಯ ಪರೀಕ್ಷಾ ವರದಿಗಳು ಚಿನ್ನದಂಥವು. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯ 1920ರಿಂದ ಮಾಡಿದ ಪರೀಕ್ಷೆಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಎಂಜಿನ್ ವೇಗ, ಶಕ್ತಿ, ತೂಕ ಎಲ್ಲ ಅವುಗಳಲ್ಲಿ ಸಿಗುತ್ತದೆ. ಭಾರತದ ಟ್ರ್ಯಾಕ್ಟರುಗಳಿಗೆ ಮಧ್ಯಪ್ರದೇಶದ ಬುಧ್ನಿಯ ಕೇಂದ್ರ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ. ಪಾವಗಡ, ಮಧುಗಿರಿಯವರಿಗೆ ಹತ್ತಿರವಾಗುವುದು ಅನಂತಪುರದ ಬಳಿ ಗಾರ್ಲದಿನ್ನೆಯಲ್ಲಿರುವ ದಕ್ಷಿಣ ವಲಯದ ಸಂಸ್ಥೆ.

ಕೆಜಿಎಫ್‌ನವರಿಗೆ ಇನ್ನೊಂದು ಅನುಕೂಲ ಇದೆ. 1964ರಲ್ಲಿ ಹುಟ್ಟಿದ ಬೆಮೆಲ್‌ನ ಕೆಜಿಎಫ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಊರ ತುಂಬ ಇದ್ದಾರೆ. ಮಣ್ಣು ಕೆಲಸದ ಯಂತ್ರದ ಒಳಗು ಹೊರಗು ಬಲ್ಲವರು. ಮುರಿದ ಭಾಗದ ಫೋಟೋ ತೋರಿಸಿ, ಹೇಗೆ ಮಾಡಿಸಬೇಕು ಅಂತ ವಿವರವಾಗಿ ಹೇಳುತ್ತಾರೆ.

8. ಎಂಜಿನ್ ಬಿಡಿಸುವುದು, ಬಣ್ಣ, ಮೊದಲ ಸ್ಟಾರ್ಟ್

ಹಿಡಿದುಕೊಂಡ ಎಂಜಿನನ್ನು ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಡಿ. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಗೇರಿನ ಹಲ್ಲು ಮುರಿಯುತ್ತದೆ. ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಸ್ವಲ್ಪ ಸುರಿದು, ವಾರವಿಡೀ ಬಿಡಿ. ಆಮೇಲೆ ಫ್ಲೈವೀಲನ್ನು ಸನ್ನೆಕೋಲಿನಿಂದ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಅಲ್ಲಾಡದಿದ್ದರೆ ಮತ್ತೆ ಸುರಿದು ಮತ್ತೆ ಕಾಯಿರಿ. ಹಳೇ ಕ್ಲಚ್, ಬ್ರೇಕ್ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಹಳೇ ಬಣ್ಣದಲ್ಲಿ ಸೀಸ. ಕಂಪ್ರೆಸರ್ ಗಾಳಿ ಹೊಡೆದು ಧೂಳು ಎಬ್ಬಿಸಬೇಡಿ, ಒದ್ದೆ ಮಾಡಿ ಒರೆಸಿ.

ಪೂರ್ತಿ ಹೊಸ ಬಣ್ಣ ಬಳಿಯುವುದಕ್ಕೆ ನಾನು ವಿರೋಧಿ. ಇಲಾಖೆಯ ಅಕ್ಷರ, ಕಾಂಟ್ರಾಕ್ಟರ್ ಹೆಸರು, ಡ್ರೈವರ್ ಬರೆಸಿದ ದೇವರ ಹೆಸರು ಒಮ್ಮೆ ಮುಚ್ಚಿದರೆ ಮುಗಿಯಿತು. ಬಳಿಯಲೇಬೇಕು ಅಂದರೆ ಬರಹವಿರುವ ಜಾಗ ಬಿಟ್ಟು ಬಳಿಯಿರಿ. ಬ್ಲೇಡಿಗೆ ಬಣ್ಣ ಬೇಡ, ಎಣ್ಣೆ ಸವರಿದರೆ ಸಾಕು.

ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವ ಗಾಡಿಯಾದರೆ ಗೇರ್ ನ್ಯೂಟ್ರಲ್‌ನಲ್ಲಿದೆಯೇ ಅಂತ ಎರಡು ಸಲ ನೋಡಿ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬೇಡಿ, ಉಳಿದ ಬೆರಳುಗಳ ಕಡೆಗೇ ಇಟ್ಟು ಮೇಲಕ್ಕೆ ಎಳೆಯಿರಿ. ಹ್ಯಾಂಡಲ್ ತಿರುಗಿ ಹೊಡೆದರೆ ಹೆಬ್ಬೆರಳು ಮುರಿಯುತ್ತದೆ. ಸೀಮೆಎಣ್ಣೆ ಎಂಜಿನ್ನು ಪೆಟ್ರೋಲ್‌ನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಗಬೇಕು. ತಣ್ಣಗಿರುವಾಗಲೇ ಬದಲಾಯಿಸಿದರೆ ಉರಿಯದ ಎಣ್ಣೆ ಇಳಿದು ಎಂಜಿನ್ ಆಯಿಲ್ ಕೆಡುತ್ತದೆ. ಹಳೇ ಫೋರ್ಡ್‌ಸನ್‌ಗೆ ಭಾರ ಕಟ್ಟಿ ಜೋರಾಗಿ ಎಳೆಸಬೇಡಿ. ಮುಂಭಾಗ ಎದ್ದು ಹಿಂದಕ್ಕೆ ಮಗುಚುವುದಕ್ಕೆ ಅದು ಆ ಕಾಲದಲ್ಲೇ ಕುಖ್ಯಾತ.

ಓಡಿಸಿ ನಿಲ್ಲಿಸಿದ ಮೇಲೆ ಬ್ಲೇಡನ್ನು ಗಾಳಿಯಲ್ಲಿ ಎತ್ತಿ ಬಿಡಬೇಡಿ. ಎರಡು ಮರದ ತುಂಡು ಇಟ್ಟು ಅದರ ಮೇಲೆ ಇಳಿಸಿ. ಮಕ್ಕಳು ಕೈಚಕ್ರ ತಿರುಗಿಸದ ಹಾಗೆ ಒಂದು ಸರಪಳಿ ಹಾಕಿ ಬೀಗ ಹಾಕಿ.